ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದ್ರೆ ಎಷ್ಟು ಗಂಟೆ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 66. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಿಯಾಗಿದ್ದೇನೆ. ಮಗಳು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾಳೆ. ಫೆಬ್ರವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ಜನವರಿಯಲ್ಲಿ ಒಬ್ಬಳೇ ಹೊರಡಬೇಕು. ಇದುವರೆಗೆ ವಿಮಾನ ಹತ್ತಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 14,000 ಕಿ.ಮೀ. ಅಂತ ಮೊಬೈಲ್ ತೋರಿಸುತ್ತದೆ. ವೇಗ 900 ಅಂದರೆ ಹದಿನೈದೂವರೆ ಗಂಟೆ ಸಾಕಲ್ಲ? ಟ್ರಾವೆಲ್ಸ್‌ನವರು ಒಂದು ಕಡೆ ಇಳಿದು ಹತ್ತಿ 23 ಗಂಟೆ ಅನ್ನುತ್ತಾರೆ. ನಮ್ಮ ಭಾವ 2023ರ ಜನವರಿಯಲ್ಲಿ ನೇರ ವಿಮಾನದಲ್ಲಿ ಹೋಗಿದ್ದರು. ಮಧ್ಯಾಹ್ನ ಎರಡೂವರೆಗೆ ಹೊರಟು ಅದೇ ದಿನ ಸಂಜೆ ಐದಕ್ಕೆ ಇಳಿದರಂತೆ! ಬರುವಾಗ ಶುಕ್ರವಾರ ರಾತ್ರಿ ಹತ್ತಿ ಭಾನುವಾರ ಬೆಳಗಿನ ಜಾವ ಬಂದರು. ಭೂಮಿ ತಿರುಗುತ್ತಲ್ಲ, ಅದಕ್ಕೇ ಹೀಗೆ ಅಂತ ತಮ್ಮನ ಮಗ ಹೇಳುತ್ತಾನೆ. ಮೊಬೈಲಿನಲ್ಲಿ ದಾರಿ ನೋಡಿದರೆ ಸೈಬೀರಿಯಾ ಮೇಲೆ ಬಿಲ್ಲಿನ ಹಾಗೆ ಬಾಗಿದೆ. ಸುತ್ತು ಹಾಕಿಸಿ ದುಡ್ಡು ಕೀಳುತ್ತಾರಾ? ನನಗೆ ಮಂಡಿ ನೋವಿದೆ, ಬಿಪಿ ಮಾತ್ರೆ ತಗೋತೀನಿ. ನೇರ ಹೋಗುವುದು ಒಳ್ಳೆಯದೋ, ಇಳಿದು ಹೋಗುವುದೋ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇದ್ದರೂ ಅಳುಕು ಒಂದೇ. ಯಾರ ಲೆಕ್ಕವನ್ನು ನಂಬುವುದು, ಈ ಮಂಡಿ ಇಟ್ಟುಕೊಂಡು ಅಷ್ಟು ಹೊತ್ತು ಹೇಗೆ ಕೂರುವುದು ಅನ್ನುವುದು. ನಾನು ಇಪ್ಪತ್ತಾರು ವರ್ಷ ಫ್ಲೈಟ್ ಡಿಸ್ಪ್ಯಾಚರ್ ಆಗಿದ್ದವನು. ಪೈಲಟ್ ವಿಮಾನ ಹತ್ತುವ ಮುಂಚೆ ಯಾವ ದಾರಿ, ಎಷ್ಟು ಇಂಧನ, ತೊಂದರೆ ಆದರೆ ಎಲ್ಲಿ ಇಳಿಯುವುದು ಅಂತ ನೆಲದ ಮೇಲೆ ಕೂತು ಲೆಕ್ಕ ಹಾಕುವ ಕೆಲಸ. ನೀವು ಮಾಡಿದ ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಆಕಾಶದಲ್ಲಿ ಆ ಭಾಗಾಕಾರ ನಡೆಯುವುದಿಲ್ಲ, ಅಷ್ಟೆ.

ಮೊದಲು ಆ ಬಿಲ್ಲಿನ ವಿಷಯ. ಮೂವತ್ತು ವರ್ಷ ಗೋಡೆಗೆ ನಕ್ಷೆ ತೂಗುಹಾಕಿ ಪಾಠ ಮಾಡಿದ ನಿಮಗೆ ನಾನು ನಕ್ಷೆ ಹೇಳುವುದು ಸ್ವಲ್ಪ ಮುಜುಗರ. ಆದರೂ ಒಂದು ಕೆಲಸ ಮಾಡಿ. ನಿಮ್ಮ ಹಳೇ ಶಾಲೆಯ ಗ್ಲೋಬ್ ತರಿಸಿ. ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜಾರುತ್ತದೆ. ತೆಲಂಗಾಣ, ಛತ್ತೀಸ್‌ಗಢ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದ ತನಕ ಹೋಗಿ, ಅಲಾಸ್ಕಾ ಮೇಲೆ ಕೆಳಗಿಳಿಯುತ್ತದೆ. ಇದೇ ಹತ್ತಿರದ ದಾರಿ, ಮಹಾವೃತ್ತ ಅನ್ನುತ್ತಾರೆ. ಸುಮಾರು 14,000 ಕಿ.ಮೀ. ಗೋಡೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಎಳೆದ ನೇರ ಗೆರೆಯ ಮೇಲೇ ಹೋದರೆ 16,100 ಆಗುತ್ತದೆ. ಬಾಗಿದ ಹಾಗೆ ಕಾಣುವುದು ನೇರ, ನೇರ ಕಾಣುವುದೇ ಸುತ್ತು. ಗೋಳವನ್ನು ಚಪ್ಪಟೆ ಮಾಡಿ ಗೋಡೆಗೆ ಹಾಕಿದ್ದರ ಫಲ ಇದು. ಯಾರೂ ನಿಮ್ಮ ದುಡ್ಡು ಕೀಳುತ್ತಿಲ್ಲ.

ಆದರೆ ವಿಮಾನ ಆ ದಾರದ ಮೇಲೂ ಹೋಗುವುದಿಲ್ಲ. ನಮ್ಮ ಕೆಲಸ ಶುರುವಾಗುವುದೇ ಇಲ್ಲಿಂದ.

ದಾರ ಟಿಬೆಟ್ ಮೇಲೆ ಹೋಯಿತಲ್ಲ? ಆ ಪ್ರಸ್ಥಭೂಮಿ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ವಿಮಾನದೊಳಗೆ ಗಾಳಿಯ ಒತ್ತಡ ಹೋದರೆ ಪೈಲಟ್ ತಕ್ಷಣ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಪ್ರಯಾಣಿಕರ ಮುಖದ ಮುಂದೆ ಬೀಳುವ ಮಾಸ್ಕಿನಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ. ಕೆಳಗೆ ನೆಲವೇ ನಾಲ್ಕೂವರೆ ಕಿ.ಮೀ.ನಲ್ಲಿದ್ದರೆ ಎಲ್ಲಿಗೆ ಇಳಿಸುವುದು? ಹಾಗಾಗಿ ಆದಷ್ಟು ಅದನ್ನು ಬಿಟ್ಟು ಸುತ್ತಿ ಹೋಗುವ ಹಾಗೇ ದಾರಿ ಹಾಕುತ್ತೇವೆ. ಇನ್ನು ಯಾರ ಆಕಾಶ ಯಾರಿಗೆ ತೆರೆದಿದೆ ಅನ್ನುವುದು ಬೇರೆ. 2022ರಿಂದ ಅಮೆರಿಕ, ಯುರೋಪಿನ ಕಂಪನಿಗಳ ವಿಮಾನ ರಷ್ಯಾ ಮೇಲೆ ಹಾರುವ ಹಾಗಿಲ್ಲ. 2025ರ ಏಪ್ರಿಲ್‌ನಿಂದ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿತು. ಅದೇ ಊರಿಂದ ಅದೇ ಊರಿಗೆ ಹೋದರೂ, ವಿಮಾನದ ಬಾಲದ ಮೇಲೆ ಯಾವ ದೇಶದ ಹೆಸರಿದೆ ಅನ್ನುವುದರ ಮೇಲೆ ದಾರಿ ಬೇರೆ, ಗಂಟೆ ಬೇರೆ.

ತುಂಬಾ ಉತ್ತರಕ್ಕೆ ಹೋದರೆ ಚಳಿಯ ಕಾಟ. ವಿಮಾನದ ಸೀಮೆಎಣ್ಣೆ, ನಾವು ಬಳಸುವ ಜೆಟ್ ಎ-1, ಮೈನಸ್ 47 ಡಿಗ್ರಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುವ ದಿನ ಇರುತ್ತದೆ. ಆಗ ದಾರಿಯನ್ನು ದಕ್ಷಿಣಕ್ಕೆ ಎಳೆಯಬೇಕು, ಇಲ್ಲವೇ ವಿಮಾನವನ್ನು ಸ್ವಲ್ಪ ಬೆಚ್ಚಗಿರುವ ಎತ್ತರಕ್ಕೆ ತರಬೇಕು. ಜನವರಿ ರಾತ್ರಿ ಪಾಳಿಯಲ್ಲಿ ನಮ್ಮ ಮೇಜಿನ ಮೇಲೆ ಕಾಫಿ ಲೋಟದ ಪಕ್ಕದಲ್ಲೇ ಈ ಉಷ್ಣತೆಯ ಹಾಳೆ ಇರುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡದು ಗಾಳಿ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯ ಹಾಗೆ ಗಾಳಿ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂತ ಅದಕ್ಕೆ ಹೆಸರು. ಚಳಿಗಾಲದಲ್ಲಿ ಇದರ ಜೋರು ಜಾಸ್ತಿ. ಜಪಾನಿನ ಕಡೆ ಗಂಟೆಗೆ 300 ಕಿ.ಮೀ. ಮುಟ್ಟುವ ದಿನಗಳೂ ಇವೆ. ವಿಮಾನಕ್ಕೆ 900 ವೇಗ ಅನ್ನುವುದು ಗಾಳಿಯೊಳಗಿನ ವೇಗ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಬೆನ್ನಿಗೆ ಬಿದ್ದರೆ ನೆಲದ ಲೆಕ್ಕದಲ್ಲಿ 1,000. ಅಷ್ಟೇ ಗಾಳಿ ಎದುರಾದರೆ 800. ಈಗ ನಿಮ್ಮ 14,000ವನ್ನು ಮತ್ತೆ ಭಾಗಿಸಿ. ಒಂದು ಸಲ 14 ಗಂಟೆ, ಇನ್ನೊಂದು ಸಲ ಹದಿನೇಳೂವರೆ.

ಗಾಳಿಯನ್ನು ಹಿಡಿಯಲು ಬೇಕಂತಲೇ ದೂರದ ದಾರಿ ಹಾಕುತ್ತೇವೆ ಅಂದರೆ ನಂಬುತ್ತೀರಾ? 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ತೆಗೆದು ಪೆಸಿಫಿಕ್ ಕಡೆಗೆ ಹಾಯಿಸಿತು. ಹಳೇ ದಾರಿ ಸುಮಾರು 13,900 ಕಿ.ಮೀ., ಹೊಸದು ಸುಮಾರು 15,300. 1,400 ಕಿ.ಮೀ. ಜಾಸ್ತಿ ಹಾರಿ ಸುಮಾರು ಎರಡು ಗಂಟೆ ಮುಂಚೆ ತಲುಪಿತು. ಹದಿನಾಲ್ಕೂವರೆ ಗಂಟೆಯಲ್ಲಿ! ಬೆಂಗಳೂರಿನ ನೇರ ವಿಮಾನ 2021ರ ಜನವರಿಯಲ್ಲಿ ಶುರುವಾದಾಗಲೂ ಹಾಗೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಬರೀ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯಿಸಿಕೊಂಡು ಬೆಂಗಳೂರಿಗೆ ತಂದರು. ದಾರದ ಲೆಕ್ಕ 14,000, ಹಾರಿದ್ದು ಸುಮಾರು 16,000, ಹಿಡಿದದ್ದು ಹದಿನೇಳು ಗಂಟೆ ಚಿಲ್ಲರೆ. ನಮ್ಮ ಆಫೀಸಿನಲ್ಲಿ ಪ್ರಯಾಣದ ದೂರ ಎಷ್ಟು ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಇವತ್ತು ಎಷ್ಟು ಹೊತ್ತು ಅಂತ ಮಾತ್ರ ಕೇಳುತ್ತಿದ್ದೆವು.

ನಿಮ್ಮ ತಮ್ಮನ ಮಗನ ಮಾತಿಗೆ ಬರೋಣ. ಈ ವಾದ ನಾನು ಮದುವೆ ಮನೆಗಳಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುವುದು ನಿಜ. ಆದರೆ ಅದರ ಜೊತೆಗೆ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಓಡುವ ರೈಲಿನಲ್ಲಿ ಎಗರಿದರೆ ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲ ಅಲ್ವಾ? ಅವನು ಹೇಳುವುದು ನಿಜವಾಗಿದ್ದರೆ ಬೆಂಗಳೂರಿನಿಂದ ಮಂಗಳೂರಿಗೆ ಹೋಗಲು ಮೇಲೆದ್ದು ಸುಮ್ನೆ ನಿಂತರೆ ಸಾಕಿತ್ತು. ಮಂಗಳೂರೇ ಬಂದು ಕಾಲ ಕೆಳಗೆ ನಿಲ್ಲುತ್ತಿತ್ತು.

ಭಾವನ ಟಿಕೆಟ್ಟಿನ ಮಾಯೆ ಗಡಿಯಾರದ್ದು. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಎರಡೂವರೆಗೆ ಹೊರಟು 16 ಗಂಟೆ ಹಾರಿದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ ಆರೂವರೆ, ಅಲ್ಲಿ ಅದೇ ದಿನ ಸಂಜೆ ಐದು. ಬರುವಾಗ ಶುಕ್ರವಾರ ರಾತ್ರಿ ಎಂಟೂವರೆ ಅಂದರೆ ನಮ್ಮಲ್ಲಿ ಆಗಲೇ ಶನಿವಾರ ಬೆಳಿಗ್ಗೆ ಹತ್ತು. ಎದುರು ಗಾಳಿಯಲ್ಲಿ ಹದಿನೇಳು ಮುಕ್ಕಾಲು ಗಂಟೆ ಸೇರಿಸಿ, ಭಾನುವಾರ ಬೆಳಗಿನ ಜಾವ ಮೂರು ಮುಕ್ಕಾಲು. ಭಾವ ಹೋಗುವಾಗ ಗಳಿಸಲೂ ಇಲ್ಲ, ಬರುವಾಗ ಕಳೆದುಕೊಳ್ಳಲೂ ಇಲ್ಲ. ಒಂದು ಮಾತು, ಮಾರ್ಚ್ ಎರಡನೇ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ. ಆಮೇಲೆ ನವೆಂಬರ್ ಮೊದಲ ಭಾನುವಾರದ ತನಕ ವ್ಯತ್ಯಾಸ ಹನ್ನೆರಡೂವರೆ ಗಂಟೆ. ನೀವು ವಾಪಸ್ ಬರುವ ಹೊತ್ತಿಗೆ ಅದೇ ಇರುತ್ತದೆ. ಕೈಗಡಿಯಾರವನ್ನು ನಮ್ಮ ಟೈಮಿನಲ್ಲೇ ಬಿಟ್ಟುಬಿಡಿ. ಮಾತ್ರೆಗೆ ಅದು ಬೇಕಾಗುತ್ತದೆ, ಮುಂದೆ ಹೇಳುತ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ನೇರವೋ, ಇಳಿದು ಹತ್ತುವುದೋ?

ನೇರ ವಿಮಾನದ ಲಾಭ ಒಂದೇ, ಆದರೆ ದೊಡ್ಡದು. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಹತ್ತಿದಿರಿ, ಇಳಿದಿರಿ. ಆದರೆ ಇಂಥ ಉದ್ದದ ಸೇವೆಗಳನ್ನು ಕಂಪನಿಗಳು ಶುರುಮಾಡುತ್ತವೆ, ನಿಲ್ಲಿಸುತ್ತವೆ, ವಾರಕ್ಕೆ ಇಷ್ಟೇ ದಿನ ಅಂತ ಕಡಿಮೆ ಮಾಡುತ್ತವೆ. ಭಾವ ಹೋದ ವಿಮಾನ ನೀವು ಹೊರಡುವ ವಾರ ಬೆಂಗಳೂರಿನಿಂದ ಇದೆಯಾ ಅಂತ ಕಂಪನಿಯ ಸೈಟಿನಲ್ಲೇ ನೋಡಿ. ಬೆಂಗಳೂರಿನದು ಸಿಗದಿದ್ದರೆ ದೆಹಲಿಗೆ ಹೋಗಿ ಅಲ್ಲಿಂದ ನೇರ ಹೋಗಬಹುದು. ಅಲ್ಲಿ ಬದಲಿಸುವುದೂ ಬದಲಿಸುವುದೇ, ಹಿಂದಿ ಬಂದರೆ ಧೈರ್ಯ. ಅಪಾಯ ಇಲ್ಲವೇ ಅಂದರೆ, ಎರಡು ಎಂಜಿನ್ನಿನ ವಿಮಾನ ಯಾವಾಗಲೂ ಒಂದೇ ಎಂಜಿನ್ನಿನಲ್ಲಿ ಇಂತಿಷ್ಟು ಹೊತ್ತಿನಲ್ಲಿ ತಲುಪಬಹುದಾದ ಒಂದು ನಿಲ್ದಾಣವನ್ನು ಕೈಯಳತೆಯಲ್ಲಿ ಇಟ್ಟುಕೊಂಡೇ ಹಾರುತ್ತದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಒಂದು ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗಾದಾನ್ ಅನ್ನುವ ಊರಿನಲ್ಲಿ ಇಳಿಯಿತು. ಎಲ್ಲರೂ ಕ್ಷೇಮ, ಆದರೆ ಬೇರೆ ವಿಮಾನ ಬರುವ ತನಕ ಇನ್ನೂರಕ್ಕೂ ಜಾಸ್ತಿ ಜನ ಒಂದು ದಿನಕ್ಕಿಂತ ಹೆಚ್ಚು ಅಲ್ಲೇ ಉಳಿದರು. ಇಂಥದ್ದು ಅಪರೂಪ. ಹೆದರಿಸಲು ಹೇಳಿದ್ದಲ್ಲ. ಒಂದು ಸ್ವೆಟರ್, ಎರಡು ದಿನದ ಹೆಚ್ಚುವರಿ ಮಾತ್ರೆ ಕೈಚೀಲದಲ್ಲೇ ಇರಲಿ ಅಂತ ಹೇಳಿದ್ದು.

ಇಳಿದು ಹತ್ತುವುದಾದರೆ, ಎಲ್ಲಿ ಇಳಿಯುತ್ತೀರಿ ಅನ್ನುವುದೇ ಎಲ್ಲ. ಮಂಡಿಗೆ ವಿಶ್ರಾಂತಿ ಸಿಗಲಿ ಅಂತ ಜನ ದುಬೈ ಮೇಲೆ ಟಿಕೆಟ್ ತೆಗೆಯುತ್ತಾರೆ. ಲೆಕ್ಕ ನೋಡಿ. ಬೆಂಗಳೂರಿನಿಂದ ದುಬೈ 2,700 ಕಿ.ಮೀ., ನಾಲ್ಕು ಗಂಟೆ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000 ಕಿ.ಮೀ., ಹದಿನಾರು ಗಂಟೆ. ಅಂದರೆ ಇಳಿದು, ಕಾದು, ಮತ್ತೆ ನೇರ ವಿಮಾನದಷ್ಟೇ ಉದ್ದದ ಪ್ರಯಾಣ ಮಾಡಿದ ಹಾಗಾಯಿತು! ಸಿಂಗಪುರವೂ ಅಷ್ಟೇ, ಮೊದಲು ನಾಲ್ಕೂವರೆ ಗಂಟೆ, ಆಮೇಲೆ ಹದಿನೈದು. ಜರ್ಮನಿಯ ಫ್ರಾಂಕ್‌ಫರ್ಟ್ ಮೇಲೆ ಹೋದರೆ ಒಟ್ಟು ದೂರ ಜಾಸ್ತಿ, ಹದಿನಾರೂವರೆ ಸಾವಿರ ದಾಟುತ್ತದೆ. ಆದರೆ ಹತ್ತು ಗಂಟೆ, ಹನ್ನೊಂದು ಗಂಟೆ ಅಂತ ಹೆಚ್ಚು ಕಡಿಮೆ ಸಮ ಪಾಲಾಗುತ್ತದೆ. ನಿಮ್ಮ ಮಂಡಿಯನ್ನು ಕೇಳಿದರೆ ಅದು ಫ್ರಾಂಕ್‌ಫರ್ಟ್ ಅನ್ನುತ್ತದೆ. ಟ್ರಾವೆಲ್ಸ್‌ನವರು ಹೇಳಿದ 23 ಗಂಟೆ ಬಹುಶಃ ಕೊಲ್ಲಿ ದಾರಿಯದು. ನಾಲ್ಕು, ಹದಿನಾರು, ಮಧ್ಯೆ ಮೂರು. ಮೋಸ ಏನಿಲ್ಲ. ಆ ಕಡೆಯ ಆಕಾಶವೂ ಒಮ್ಮೊಮ್ಮೆ ಮುಚ್ಚುತ್ತದೆ, 2025ರ ಜೂನ್ 23ರಂದು ಕತಾರ್ ಹಾಗೆ ಮಾಡಿತ್ತು. ಹೊರಡುವ ಹಿಂದಿನ ವಾರ ಸುದ್ದಿ ನೋಡುತ್ತಿರಿ.

ನಾನು ಬೇಡ ಅನ್ನುವುದು ಒಂದನ್ನೇ, ಅಮೆರಿಕದೊಳಗೆ ವಿಮಾನ ಬದಲಿಸುವ ಟಿಕೆಟ್. ನ್ಯೂಯಾರ್ಕ್ ಮೇಲೆ, ಶಿಕಾಗೋ ಮೇಲೆ ಅಗ್ಗಕ್ಕೆ ಸಿಗುತ್ತದೆ. ಆದರೆ ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು, ಸೂಟ್‌ಕೇಸ್ ಎಳೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಅದನ್ನು ಕೊಡಬೇಕು, ಆಮೇಲೆ ಇನ್ನೊಂದು ಟರ್ಮಿನಲ್ ಹುಡುಕಬೇಕು. ಮೊದಲ ಸಲ ಒಬ್ಬರೇ ಹೋಗುವವರಿಗೆ ಇದು ಬೇಡದ ಪರೀಕ್ಷೆ. ಮಗಳು ಕಾಯುವ ಊರಿನಲ್ಲೇ ಇಮಿಗ್ರೇಷನ್ ಆಗಲಿ.

ಮಧ್ಯದ ಬಿಡುವು ಕಡಿಮೆ ಅಂದರೂ ಮೂರು ಗಂಟೆ ಇಟ್ಟುಕೊಳ್ಳಿ. ನನ್ನ ಚಿಕ್ಕಮ್ಮನಿಗೆ ನಾನೇ ಟಿಕೆಟ್ ಮಾಡಿಸಿದ್ದೆ. ಯುರೋಪಿನ ಒಂದು ದೊಡ್ಡ ನಿಲ್ದಾಣದಲ್ಲಿ ಒಂದೂಕಾಲು ಗಂಟೆ ಬಿಡುವು. ಕಾಗದದ ಮೇಲೆ ಅದು ಸಾಕು, ನಿಯಮದ ಪ್ರಕಾರವೂ ಸರಿ. ಆದರೆ ವೀಲ್‌ಚೇರ್ ಕೇಳಿದವರನ್ನು ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಸುತ್ತಾರೆ ಅನ್ನುವುದನ್ನು ಈ ಮಹಾ ತಜ್ಞ ಮರೆತಿದ್ದ. ಮುಂದಿನ ವಿಮಾನ ಹೋಯಿತು. ರಾತ್ರಿ ಹೋಟೆಲಿನಿಂದ ಫೋನ್ ಮಾಡಿ, "ನೀನು ಅಷ್ಟು ವರ್ಷ ಅದೇನು ಕೆಲಸ ಮಾಡಿದೆಯೋ" ಅಂದರು. ಪೂರ್ತಿ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇದ್ದದ್ದಕ್ಕೆ ಹೋಟೆಲು, ಮರುದಿನದ ಸೀಟು ಎಲ್ಲ ಕಂಪನಿಯದೇ ಖರ್ಚು. ಎರಡು ಬೇರೆ ಬೇರೆ ಟಿಕೆಟ್ ಆಗಿದ್ದಿದ್ದರೆ ಎರಡನೆಯದು ನೀರಿಗೆ ಬಿದ್ದ ಹಾಗೆ. ನೀವೂ ವೀಲ್‌ಚೇರ್ ಬರೆಸಿ, ಟಿಕೆಟ್ ಮಾಡಿಸುವಾಗಲೇ. ನಾಚಿಕೆ ಬೇಡ. ಸಾಲು ಕಡಿಮೆ, ದಾರಿ ತೋರಿಸಲು ಜೊತೆಗೊಬ್ಬರು ಸಿಗುತ್ತಾರೆ.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ನೇರ ವಿಮಾನದ ಹದಿನಾರು ಗಂಟೆಯೂ ಇಪ್ಪತ್ತೆಂಟು ಆಗುತ್ತದೆ. ದಾವಣಗೆರೆಯಿಂದ ದೇವನಹಳ್ಳಿಗೆ ತಿಂಡಿ, ಕಾಫಿ ಸೇರಿ ಆರು ಗಂಟೆ. ಡ್ರೈವರ್‌ಗೆ ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಲು ಹೇಳಿ, ಊರೊಳಗೆ ಹೋದರೆ ಹೆಬ್ಬಾಳದಲ್ಲಿ ಸಿಕ್ಕಿಕೊಳ್ಳುತ್ತೀರಿ. ವಿದೇಶಕ್ಕೆ ಹೋಗುವವರಿಗೆ ಟರ್ಮಿನಲ್ 2. ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಆ ಕಡೆ ಇಳಿದ ಮೇಲೆ ಇಮಿಗ್ರೇಷನ್, ಸಾಮಾನು ಎರಡು ಗಂಟೆ, ಸ್ಯಾನ್ ಹೋಸೆಗೆ ಕಾರಿನಲ್ಲಿ ಒಂದು ಗಂಟೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಇದೇ ಲೆಕ್ಕ ಮೂವತ್ತಾರು, ಮೂವತ್ತೇಳು. ಸಾಧ್ಯವಾದರೆ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿಯಿರಿ. ನಿದ್ದೆಗೆಟ್ಟು ವಿಮಾನ ಹತ್ತುವುದು ಎಲ್ಲಕ್ಕಿಂತ ಕೆಟ್ಟದ್ದು.

ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಇರುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ಹದಿನಾರು ಗಂಟೆ ಕುರ್ಚಿ ಹಾಕಿ ಕೂತ ಹಾಗೆ ಅಂದುಕೊಳ್ಳಿ, ಆದರೆ ಗಾಳಿ ಮಾತ್ರ ಒಣ ಒಣ. ನೀರು ಕುಡಿಯುತ್ತಿರಿ. ನಾಲ್ಕು ಗಂಟೆಗಿಂತ ಜಾಸ್ತಿ ಒಂದೇ ಸಮನೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತದೆ, ವಯಸ್ಸಾದವರಿಗೆ ಇನ್ನೂ ಸ್ವಲ್ಪ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ಗಂಟೆ ಎರಡು ಗಂಟೆಗೊಮ್ಮೆ ಏಳಿ. ಬಿಗಿ ಸಾಕ್ಸ್ ಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಅದನ್ನು ಹೇಳಲು ನಾನು ಯಾರೂ ಅಲ್ಲ. ಬಿಪಿ ಮಾತ್ರೆಯನ್ನೂ ಅವರನ್ನು ಕೇಳಿಯೇ ಹೋಗಿ. ದಾರಿಯಲ್ಲಿ ನಮ್ಮ ಟೈಮಿಗೆ ತೆಗೆದುಕೊಂಡು, ಅಲ್ಲಿ ಹೋದ ಮೇಲೆ ಯಾವ ದಿನದಿಂದ ಅಲ್ಲಿನ ಬೆಳಿಗ್ಗೆಗೆ ಬದಲಿಸಬೇಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಕೈಗಡಿಯಾರ ಅದಕ್ಕೇ.

ಬಾಣಂತಿ ಪುಡಿ, ಮೆಂತ್ಯದ ಹಿಟ್ಟು ಅಂತ ಹೇಗೂ ಕಟ್ಟುತ್ತೀರಿ. ಅದೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರ್ ಡಬ್ಬಿಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ತೆಗೆಸಿಬಿಡಬಹುದು. ಅಲ್ಲಿ ತಿನ್ನುವ ಸಾಮಾನು ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಹೇಳಿ.

ನನ್ನನ್ನು ಕೇಳಿದರೆ, ನೇರ ವಿಮಾನ ಇದ್ದು ದುಡ್ಡು ಹೊಂದಿದರೆ ಅದರಲ್ಲೇ ಹೋಗಿ. ನಿಮಗೆ ಇದು ಮೊದಲ ಸಲ, ಒಬ್ಬರೇ. ಎರಡು ಗಂಟೆ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ ಅನ್ನುವಷ್ಟು ನೋವಿದ್ದರೆ ಫ್ರಾಂಕ್‌ಫರ್ಟ್. ಎರಡರಲ್ಲೂ ಕಿಟಕಿ ಸೀಟು ಬೇಡ, ನಡೆಯುವ ದಾರಿ ಪಕ್ಕದ್ದು ತಗೊಳ್ಳಿ, ಏಳಲು ಯಾರನ್ನೂ ಕೇಳಬೇಕಾಗಿಲ್ಲ. ಫ್ರಾಂಕ್‌ಫರ್ಟ್ ದಾರಿಯಾದರೆ ಎರಡನೇ ವಿಮಾನದಲ್ಲಿ ಊಟ ಆಗಿ ಒಂದೆರಡು ಗಂಟೆ ಕಳೆದ ಮೇಲೆ ಹಿಂದಿನ ಬಾಗಿಲ ಹತ್ತಿರ ನಡೆದುಕೊಂಡು ಹೋಗಿ. ಆ ಬಾಗಿಲಿಗೆ ಅಂಗೈಯಗಲದ ಒಂದು ಕಿಟಕಿ ಇರುತ್ತದೆ. ಮೋಡ ಇಲ್ಲದಿದ್ದರೆ, ನೀವು ಇಷ್ಟು ವರ್ಷ ಕಡ್ಡಿಯಲ್ಲಿ ಮುಟ್ಟಿ ತೋರಿಸುತ್ತಿದ್ದ ಗ್ರೀನ್‌ಲ್ಯಾಂಡ್ ಕೆಳಗೆ ಕಾಣುತ್ತದೆ.